ಮಷೀನ್ ನಿಲ್ಲಲೆಂದು ಕಾದ ದಿನಗಳು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಆದರೆ ಆ ಕೆಲಸ ಮುಗಿದಿದೆ, ಅದಕ್ಕೆ ಮರಳುವ ಯೋಚನೆಯೂ ಇಲ್ಲ. ಕಾರಣಗಳು ನನ್ನವು, ಅವು ಇಲ್ಲಿ ಬೇಡ. ಪುಣೆಯ ಕನ್ನಡ ಮನೆಗಳ ಕೆಲವು ಹುಡುಗರು, ಹುಡುಗಿಯರು ಈಗ ಅದೇ ಕೆಲಸಕ್ಕೆ ಸೇರುತ್ತಿದ್ದಾರೆ. ಅಲ್ಲಿ ದಿನವಿಡೀ ಏನು ಮಾಡುತ್ತಾರೆ ಎಂದು ನನ್ನನ್ನು ಕೇಳುತ್ತಾರೆ. ಸಂಬಳ, ಬಡ್ತಿಗಳ ವಿಷಯ ಹೇಳಲು ಬೇರೆಯವರಿದ್ದಾರೆ. ನಾನು ಹೇಳಬಲ್ಲದ್ದು, ಹೊರಗಿನವರಿಗೆ ತೀರಾ ಸಣ್ಣದಾಗಿ ಕಾಣುವ ಒಂದು ಪ್ರಶ್ನೆಯ ಬಗ್ಗೆ ನಾವು ವರ್ಷಗಟ್ಟಲೆ ಹೇಗೆ ವಾದಿಸಿದೆವು ಎಂಬುದಷ್ಟೇ.

ನಮ್ಮ ಕಂಪನಿ ಕಾರ್ಖಾನೆಯ ಮಷೀನ್‌ಗಳನ್ನು ನಡೆಸುವ ಸಣ್ಣ ಕಂಪ್ಯೂಟರ್‌ಗಳಿಗೆ ಆಪರೇಟಿಂಗ್ ಸಿಸ್ಟಮ್ ತಯಾರಿಸುತ್ತಿತ್ತು. ಅದರ ತಿರುಳು ಕರ್ನೆಲ್. ಒಂದೇ ಕಂಪ್ಯೂಟರ್‌ನಲ್ಲಿ ಹತ್ತಾರು ಕೆಲಸಗಳು ನಡೆಯುವಾಗ ಯಾರ ಸರದಿ ಯಾವಾಗ ಎಂದು ತೀರ್ಮಾನಿಸುವುದು ಅದೇ. ಮನೆಯ ಕಂಪ್ಯೂಟರ್‌ನಲ್ಲಿ ಸರದಿ ಸ್ವಲ್ಪ ತಡವಾದರೆ ಯಾರಿಗೂ ತಿಳಿಯುವುದಿಲ್ಲ. ಮಷೀನ್ ನಡೆಸುವ ಪ್ರೋಗ್ರಾಂಗೆ ಕಣ್ಣು ಮಿಟುಕಿಸುವಷ್ಟು ತಡವಾದರೂ ಅದು ಅಪಾಯವೆಂದು ಭಾವಿಸಿ ಇಡೀ ಮಷೀನನ್ನು ನಿಲ್ಲಿಸಿಬಿಡುತ್ತದೆ. ಹಾಗೆ ನಿಲ್ಲಿಸಬೇಕಾದ್ದೇ ಸರಿ. ಆದರೆ ತಡ ಮಾಡಿದವರು ಯಾರು ಎಂಬುದು ಆಮೇಲೆ ತಿಳಿಯಬೇಕಲ್ಲ?

ಅದನ್ನು ತಿಳಿಯಲು ಟ್ರೇಸಿಂಗ್ ಎಂಬ ಸಲಕರಣೆಗಳಿವೆ. ಕರ್ನೆಲ್‌ನೊಳಗೆ ಯಾವ ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ನಡುವೆ ಯಾರು ಅಡ್ಡ ಬಂದರು ಎಂದು ಅವು ಬರೆದಿಡುತ್ತವೆ. ನಮ್ಮಲ್ಲಿ ಎರಡು ಕರ್ನೆಲ್ ಇದ್ದವು. ಎಲ್ಲ ಗಿರಾಕಿಗಳಿಗೂ ಹೋಗುತ್ತಿದ್ದದ್ದು ಈ ಸಲಕರಣೆಗಳಿಲ್ಲದ ಮಾಮೂಲಿ ಕರ್ನೆಲ್. ದೂರು ಬಂದಾಗ ಮಾತ್ರ ಕಳಿಸುತ್ತಿದ್ದದ್ದು ಅವೆಲ್ಲ ಇರುವ ತಪಾಸಣಾ ಕರ್ನೆಲ್. ಮಷೀನ್ ನಿಲ್ಲಿಸಿ, ಅದನ್ನು ಹಾಕಿ, ಮತ್ತೆ ಚಾಲೂ ಮಾಡಿ, ಒಂದು ವಾರ ನೋಡಿ, ಏನೂ ಕಾಣದಿದ್ದರೆ ತೆಗೆದು ಮಾಮೂಲಿಯದನ್ನು ಹಾಕಬೇಕು. ಇದು ಪದ್ಧತಿ. ನಾನು ಸೇರುವ ಮೊದಲೇ ಇದು ರೂಢಿಯಾಗಿತ್ತು.

ಮಾಮೂಲಿ ಕರ್ನೆಲ್‌ನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುತ್ತಿದ್ದವರು ನನ್ನ ಮೇಲಧಿಕಾರಿ ದೇಸಾಯಿ ಸರ್. ಬೆಳಗಾವಿ ಕಡೆಯವರು. ಸಭೆಗಳಲ್ಲಿ ಮರಾಠಿ, ಇಂಗ್ಲಿಷ್. ನಮ್ಮಿಬ್ಬರ ನಡುವೆ ಕನ್ನಡ. ನಾನು ಸೇರಿದ ಮೊದಲ ವಾರ ಅವರು ಹೇಳಿದ್ದು ಇಷ್ಟೇ:

"ಇಲ್ಲಿ ಒಂದ ಸಾಮಾನು ಒಳಗ ಹಾಕೋದು ಸೊಪ್ಪ ಅದರಿ. ಹೊರಗ ತಗಿಯೋದು ಆಗಂಗಿಲ್ಲ. ಯಾರರೆ ಬಂದು ಇದನ್ನೂ ಹಾಕ್ರಿ ಅಂದ್ರ ಮೊದಲ ಇಲ್ಲ ಅನ್ರಿ. ಆಮ್ಯಾಲ ಯಾಕ ಅಂತ ಕೇಳ್ರಿ."

ಸೊಪ್ಪ ಎಂದರೆ ಸುಲಭ. ಪುಣೆಯಲ್ಲಿ ಬಹಳ ವರ್ಷ ಇದ್ದವರ ಕನ್ನಡದಲ್ಲಿ ಅಂಥ ಮರಾಠಿ ಮಾತುಗಳು ಸೇರಿಕೊಂಡಿರುತ್ತವೆ. ನನ್ನದರಲ್ಲೂ ಇವೆ.

ಅವರ 'ಇಲ್ಲ'ಕ್ಕೆ ಕಾರಣವಿತ್ತು. ಒಮ್ಮೆ ಭೋಸರಿಯ ಒಂದು ಘಟಕದಲ್ಲಿ ನಮ್ಮವರು ತಪಾಸಣಾ ಕರ್ನೆಲ್ ಹಾಕಿ, ತೆಗೆಯುವುದನ್ನು ಮರೆತು ಬಂದಿದ್ದರು. ಅದು ತನ್ನ ಪಾಡಿಗೆ ಬರೆಯುತ್ತಲೇ ಹೋಯಿತು. ಡಿಸ್ಕ್ ತುಂಬಿತು, ಕಂಪ್ಯೂಟರ್ ಸ್ತಬ್ಧವಾಯಿತು. ಕಬ್ಬಿಣ ಕೊರೆಯುವ ಮಷೀನ್ ಅರ್ಧ ಕೊರೆದ ತುಂಡನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಆ ತುಂಡನ್ನು ಘಟಕದ ಮಾಲೀಕರು ನಮ್ಮ ಆಫೀಸಿಗೇ ತಂದು ಸ್ವಾಗತಕಾರಿಣಿಯ ಮೇಜಿನ ಮೇಲಿಟ್ಟು, "ಇದು ನಿಮ್ಮದು, ಇಟ್ಟುಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿ ಹೋದರಂತೆ. ದೇಸಾಯಿ ಸರ್ ಅದನ್ನು ಎಸೆಯಲಿಲ್ಲ. ತಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಬಳಸುತ್ತಿದ್ದರು.

ನನಗೆ ಮೊದಲು ಸಿಕ್ಕಿದ ಕೆಲಸ ಅಳತೆಯದು. ಟ್ರೇಸಿಂಗನ್ನು ಮಾಮೂಲಿ ಕರ್ನೆಲ್‌ನಲ್ಲೇ ಸೇರಿಸಿ, ಆದರೆ ಮಲಗಿಸಿಟ್ಟರೆ ಎಷ್ಟು ಜಾಗ ಹೋಗುತ್ತದೆ, ಎಷ್ಟು ನಿಧಾನವಾಗುತ್ತದೆ ಎಂದು ನೋಡುವುದು. ಹಳೆಯ ಕಾಲದಲ್ಲಿ ಅದು ನಿಜವಾಗಿಯೂ ಭಾರವಾಗಿತ್ತು. ನಾನು ಬರುವ ಹೊತ್ತಿಗೆ ವಿಧಾನ ಬದಲಾಗಿತ್ತು. ಬಳಸದಿರುವಾಗ ಆ ಜಾಗಗಳಲ್ಲಿ ಏನನ್ನೂ ಮಾಡದ ಖಾಲಿ ಆದೇಶಗಳಿರುತ್ತವೆ. ಬೇಕೆಂದಾಗ ಓಡುತ್ತಿರುವ ಕರ್ನೆಲ್‌ನಲ್ಲೇ ಅವನ್ನು ಎಬ್ಬಿಸಬಹುದು, ಮಷೀನ್ ನಿಲ್ಲಿಸಬೇಕಿಲ್ಲ. ಮಲಗಿರುವಾಗಿನ ವ್ಯತ್ಯಾಸವನ್ನು ನಾನು ಬೇರೆ ಬೇರೆ ರೀತಿಯಲ್ಲಿ ಅಳೆದೆ. ಸಿಕ್ಕಿದ್ದು ಅಳತೆಯ ತಪ್ಪಿಗಿಂತ ದೊಡ್ಡದಾಗಿರಲಿಲ್ಲ. ಜಾಗ ಮಾತ್ರ ಸ್ವಲ್ಪ ಹೋಗುತ್ತಿತ್ತು.

ಅದನ್ನು ಸಭೆಯ ಮುಂದಿಟ್ಟೆ. ಉತ್ಪನ್ನದ ಹೊಣೆ ಹೊತ್ತಿದ್ದ ಮಂಜುನಾಥ್ ಬೆಂಗಳೂರಿನವರು, ನಗುಮುಖದವರು. ಅವರ ಮುಂದೆ ಯಾವಾಗಲೂ ಲೋಣಾವಳಾದ ಚಿಕ್ಕಿಯ ಪೊಟ್ಟಣವಿರುತ್ತಿತ್ತು. ಅದನ್ನು ಎಲ್ಲರ ಕಡೆ ತಳ್ಳುತ್ತಾ ಹೇಳಿದರು:

"ನಂಬರ್ಸ್ ಎಲ್ಲಾ ಸೂಪರ್ ಆಗಿದೆ. ಆದ್ರೆ ಕಸ್ಟಮರ್‌ಗೆ ಇದು ಯಾಕೆ ಬೇಕು ಹೇಳಿ? ಏನೋ ಆಗತ್ತೆ, ಅವನೇ ಆನ್ ಮಾಡ್ತಾನೆ, ನೋಡಿದ್ರೆ ನಮ್ ಡ್ರೈವರ್ ಹೆಸರೇ ಬರತ್ತೆ. ನಮ್ ವಿರುದ್ಧ ಸಾಕ್ಷಿನ ನಾವೇ ಪ್ಯಾಕ್ ಮಾಡಿ ಕೊಟ್ಟಂಗಾಗಲ್ವಾ?"

ಡ್ರೈವರ್ ಎಂದರೆ ಹೊರಗಿನ ಸಾಧನಗಳೊಂದಿಗೆ ಕರ್ನೆಲ್ ಮಾತಾಡಲು ನಾವು ಬರೆದ ಸಣ್ಣ ಪ್ರೋಗ್ರಾಂ. ಎಲ್ಲರೂ ನಕ್ಕರು. ದೇಸಾಯಿ ಸರ್ ನಗಲಿಲ್ಲ, ಆದರೆ ಒಪ್ಪಲೂ ಇಲ್ಲ. "ಕರ್ನೆಲ್ ಒಳಗಿಂದೆಲ್ಲಾ ಕಾಣೂ ಹಂಗ ಒಂದ ಕಿಡಕಿ ಇಟ್ರ, ಕಳ್ಳಗೂ ಕಾಣಸ್ತದ" ಎಂದರು. ಅದು ಸುರಕ್ಷತೆಯ ಮಾತು, ತಳ್ಳಿಹಾಕುವಂಥದ್ದಲ್ಲ. ವಿಷಯ ಅಲ್ಲಿಗೆ ನಿಂತಿತು. ನಾನೂ ಸುಮ್ಮನಾದೆ. ನನ್ನ ಕೆಲಸ ಅಳೆಯುವುದಾಗಿತ್ತು.

ರಾಂಜಣಗಾಂವದ ಪ್ರಕರಣ ಬರುವವರೆಗೆ ಇದೊಂದು ತಾಂತ್ರಿಕ ಪ್ರಶ್ನೆಯಷ್ಟೇ ಆಗಿತ್ತು.

ಪುಣೆಯ ಹೊರಗಿನ ಆ ಊರಿನಲ್ಲಿ ಒಂದು ಬಿಸ್ಕತ್ತಿನ ಕಾರ್ಖಾನೆ. ಪ್ಯಾಕಿಂಗ್ ಮಾಡುವ ಎರಡು ಸಾಲುಗಳಿಗೂ ನಮ್ಮ ಕಂಪ್ಯೂಟರ್‌ಗಳಿದ್ದವು, ಬೆರಳಿನಿಂದ ಮುಟ್ಟಿ ನಡೆಸುವ ಪರದೆಗಳೊಂದಿಗೆ. ಮೊದಲ ಸಾಲು ಆಗಾಗ ಕಾರಣವಿಲ್ಲದೆ ನಿಲ್ಲುತ್ತಿತ್ತು. ಭಟ್ಟಿಯಿಂದ ಬಿಸ್ಕತ್ತು ಬರುತ್ತಲೇ ಇರುತ್ತದೆ. ಪ್ಯಾಕಿಂಗ್ ನಿಂತರೆ ಅದು ರಾಶಿಯಾಗಿ ಪುಡಿಯಾಗುತ್ತದೆ. ದೂರು ಬಂತು. ನಮ್ಮವರು ಹೋಗಿ ತಪಾಸಣಾ ಕರ್ನೆಲ್ ಹಾಕಿದರು. ವಾರವಿಡೀ ಮಷೀನ್ ನಿಲ್ಲಲಿಲ್ಲ. ಅದನ್ನು ತೆಗೆದು ಮಾಮೂಲಿಯದನ್ನು ಹಾಕಿದರು. ಕೆಲವು ವಾರ ಕಳೆದ ಮೇಲೆ ಮತ್ತೆ ನಿಲ್ಲತೊಡಗಿತು. ಮತ್ತೆ ಹೋದರು, ಮತ್ತೆ ಏನೂ ಇಲ್ಲ. ಪ್ರತಿಸಲವೂ ನಮ್ಮ ಕಡೆಯಿಂದ ಒಂದು ಸಿದ್ಧ ವಾಕ್ಯ ಹೋಗುತ್ತಿತ್ತು: 'ದೋಷ ಕಂಡುಬಂದಿಲ್ಲ. ನಡೆಸುವವರು ಪರದೆಯನ್ನು ಅತಿಯಾಗಿ ಬಳಸುವುದರಿಂದ ಹೀಗಾಗಬಹುದು; ಬಳಕೆಯ ರೀತಿಯನ್ನು ಪರಿಶೀಲಿಸಿ.' ಯಾರು ಯಾವಾಗ ಬರೆದ ವಾಕ್ಯವೋ, ಎಲ್ಲ ದೂರುಗಳನ್ನೂ ಮುಚ್ಚಲು ಅದೇ ಹೋಗುತ್ತಿತ್ತು. ಅದನ್ನು ಓದುವವರು ಇರುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಓದಿದವರಿದ್ದರು. ಒಂದು ಮಧ್ಯಾಹ್ನ ಸಹಾಯವಾಣಿಗೆ ಬಂದ ಕರೆಯನ್ನು, ಕನ್ನಡದವರೆಂದು ನನಗೆ ಕೊಟ್ಟರು.

"ಮೇಡಂ, ನಾ ಹಿರೇಮಠ ಅಂತ್ರಿ, ರಾಂಜಣಗಾಂವದಿಂದ. ಒಂದನೇ ಲೈನಿನ ಸೂಪರವೈಜರ್. ನಿಮ್ಮ ಕಂಪನಿಯವರು ತಪ್ಪು ನಡಸೋರದು ಅಂತ ಬರದ ಕೊಟ್ಟಾರಂತಲ್ರಿ?"

ಹಾಗೆ ಬರೆದಿಲ್ಲ, 'ಆಗಬಹುದು' ಎಂದಷ್ಟೇ ಬರೆದಿದೆ ಎಂದೆ.

"ನೀವು ಆಗಬಹುದು ಅಂತ ಬರದ್ರಿ, ಇಲ್ಲಿ ಆಗೇದ ಅಂತ ಓದ್ಯಾರ ನೋಡ್ರಿ. ನನ್ನ ಮ್ಯಾಲ ಚೌಕಶಿ ಇಟ್ಟಾರ. ನಮ್ಮ ಮಂದಿಗೆ ದಮ್ಮು ಹಾಕ್ಕೊಳಾಕ ನಾನ ಪರದೆ ಬಡದು ಮಷೀನ್ ನಿಂದರಸ್ತೇನಂತ. ಕೆಲಸದಿಂದ ತಗಿತಾರ್ರಿ."

ಚೌಕಶಿ ಎಂದರೆ ವಿಚಾರಣೆ; ದಮ್ಮು ಹಾಕಿಕೊಳ್ಳುವುದೆಂದರೆ ದಣಿವಾರಿಸಿಕೊಳ್ಳುವುದು. ಅದಕ್ಕೊಂದು ಹಿನ್ನೆಲೆಯೂ ಇತ್ತು. ತನ್ನ ಸಾಲಿನ ಹೆಂಗಸರಿಗೆ ಇನ್ನೊಂದು ಚಹಾದ ವಿರಾಮ ಬೇಕೆಂದು ಆತ ಹಿಂದೆ ಮ್ಯಾನೇಜರ್ ಬಳಿ ಪಟ್ಟು ಹಿಡಿದಿದ್ದ. ವಿರಾಮ ಸಿಗಲಿಲ್ಲ. ಅದಾದ ಮೇಲೆ ಮಷೀನ್ ನಿಲ್ಲತೊಡಗಿತು, ಅದೂ ಅವನ ಪಾಳಿಯಲ್ಲೇ. ಕಾರ್ಖಾನೆಯವರು ಎರಡನ್ನೂ ಕೂಡಿಸಿದರು.

ಮಾತು ಮುಗಿಸುವ ಮೊದಲು, "ನಿಮ್ಮ ಊರು ಯಾವದ್ರಿ?" ಎಂದು ಕೇಳಿದ. ಪುಣೆ ಎಂದೆ. "ಅದಲ್ರಿ, ಮೂಲ?" ಇಂಡಿ ಕಡೆ ಎಂದೆ. "ಹಂಗನ್ರಿ ಮತ್ತ! ನಮ್ಮ ಮಗ್ಗಲದವ್ರ ಆದ್ರೆಲ್ಲ" ಎಂದ. ಅಷ್ಟರಿಂದ ತನ್ನ ಅರ್ಧ ಕೆಲಸವಾಯಿತು ಎಂಬಂಥ ದನಿ. ನನಗೆ ಸ್ವಲ್ಪ ಮುಜುಗರವಾಯಿತು.

ಹಳೆಯ ದೂರುಗಳನ್ನೆಲ್ಲ ತೆಗೆದು ನೋಡಿದೆ. ಒಂದು ಸಂಗತಿ ಎದ್ದು ಕಂಡಿತು. ತಪಾಸಣಾ ಕರ್ನೆಲ್ ಹಾಕಲು ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಲೇಬೇಕು. ಹಾಗೆ ಮಾಡಿದಾಗಲೆಲ್ಲ ಮಷೀನ್ ಕೆಲವು ವಾರ ಸರಿಯಾಗುತ್ತಿತ್ತು. ಅಂದರೆ ರೋಗವೇನೋ ನಿಧಾನವಾಗಿ ಕೂಡಿಬರುವಂಥದ್ದು. ನಾವು ಪರೀಕ್ಷೆಗೆ ಹೋದಾಗಲೆಲ್ಲ ಅದನ್ನು ತೊಳೆದುಹಾಕಿ, ಆಮೇಲೆ ಹುಡುಕಿ, ಇಲ್ಲ ಎಂದು ಬರೆದು ಬರುತ್ತಿದ್ದೆವು. ನಮ್ಮ ಪದ್ಧತಿ ಇರುವವರೆಗೆ ಅದು ಎಂದಿಗೂ ಸಿಗುತ್ತಿರಲಿಲ್ಲ. ಸಲಕರಣೆ ಮೊದಲೇ ಒಳಗಿರಬೇಕಾಗಿತ್ತು.

ಇದನ್ನು ದೇಸಾಯಿ ಸರ್‌ಗೆ ಹೇಳಿದೆ. ಅವರು ಭೋಸರಿಯ ಕಬ್ಬಿಣದ ತುಂಡನ್ನು ಆಚೀಚೆ ಹೊರಳಿಸುತ್ತಾ ಕೇಳಿದರು.

"ಅಂವ ಖರೇನ ಪರದೆ ಬಡೀತಿದ್ರ?"

"ಅದೂ ಟ್ರೇಸಿನಲ್ಲಿ ಕಾಣಿಸುತ್ತದೆ, ಸರ್."

"ಡಿಸ್ಕ್ ತುಂಬಿದ್ರ?"

"ತುಂಬುವುದಿಲ್ಲ. ಸ್ವಲ್ಪ ಜಾಗದಲ್ಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಮಷೀನ್ ನಿಂತ ಕೂಡಲೇ ಬರೆಯುವುದನ್ನೂ ನಿಲ್ಲಿಸುತ್ತದೆ. ಕೊನೆಯ ಕ್ಷಣ ಮಾತ್ರ ಉಳಿಯುತ್ತದೆ."

"ಒಂದ ಮಷೀನಿಗೆ. ಅದೊಂದಕ್ಕ ಅಷ್ಟ" ಎಂದರು.

ನಾವಿಬ್ಬರೂ ರಾಂಜಣಗಾಂವಕ್ಕೆ ಹೋದೆವು. ಅಲ್ಲಿ ಹೋಗುವಷ್ಟರಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಹಿರೇಮಠನನ್ನು ಗೋದಾಮಿಗೆ ಹಾಕಿ ಬೇರೆ ಸೂಪರ್‌ವೈಸರ್‌ನನ್ನು ತಂದಿದ್ದರು. ಅಂದಿನಿಂದ ಮಷೀನ್ ಒಮ್ಮೆಯೂ ನಿಂತಿರಲಿಲ್ಲ. ಕಾರ್ಖಾನೆಯ ಮ್ಯಾನೇಜರ್, ಮಾತು ಕಡಿಮೆಯ ಮರಾಠಿ ಗೃಹಸ್ಥರು, ಎರಡೂ ಕೈಗಳನ್ನು ಬಿಡಿಸಿ ತೋರಿಸಿದರು. ಮನುಷ್ಯ ಹೋದ, ರೋಗ ಹೋಯಿತು. ಇನ್ನೇನು ಪುರಾವೆ ಬೇಕು?

ಗೋದಾಮಿನಿಂದ ಹಿರೇಮಠನನ್ನು ಕರೆಸಿದರು. ನಾನು ಎಣಿಸಿದ್ದಕ್ಕಿಂತ ವಯಸ್ಸಾದವರು, ದಪ್ಪ ಕನ್ನಡಕ. ಟೋಪಿಯ ಮೇಲೆ ಹಿಟ್ಟಿನ ಧೂಳು ಇನ್ನೂ ಇತ್ತು. ಆ ಕ್ಷಣದಿಂದ ನನ್ನ ಮಾತಿನಲ್ಲಿ ಅವರು ಬಹುವಚನವಾದರು. ಟ್ರೇಸಿಂಗ್ ಎಂದರೆ ಏನೆಂದು ಅವರಿಗೆ ವಿವರಿಸಿದೆ. ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಾ ಪರದೆ ಮುಟ್ಟಿದ್ರ ಅದೂ ಕಾಣಸ್ತದೇನ್ರಿ?"

"ಕಾಣಿಸುತ್ತದೆ. ಯಾವಾಗ ಮುಟ್ಟಿದಿರಿ, ಎಷ್ಟು ಸಲ ಮುಟ್ಟಿದಿರಿ, ಎಲ್ಲ."

"ಹಂಗಾರ ಹಾಕ್ರಿ. ಇವತ್ತ ಹಾಕ್ರಿ."

ಆದರೆ ಅವರು ಗೋದಾಮಿನಲ್ಲಿದ್ದರೆ ಅದನ್ನು ಹಾಕಿಯೂ ಪ್ರಯೋಜನವಿಲ್ಲ. ಅವರು ಮರಳಬೇಕು, ಮೊದಲು ಹೇಗೆ ನಡೆಸುತ್ತಿದ್ದರೋ ಹಾಗೇ ನಡೆಸಬೇಕು, ಕಂಪ್ಯೂಟರನ್ನು ಯಾರೂ ಆರಿಸಬಾರದು, ಆಮೇಲೆ ಮಷೀನ್ ನಿಲ್ಲಬೇಕು. ಮ್ಯಾನೇಜರ್ ಒಪ್ಪಲಿಲ್ಲ. ಕಳ್ಳನನ್ನು ಮತ್ತೆ ಮನೆಗೆ ಕರೆದು ಬೀಗದ ಕೈ ಕೊಡಬೇಕೇ ಎಂದರು. ದೇಸಾಯಿ ಸರ್ ಮರಾಠಿಯಲ್ಲಿ ಬಹಳ ಹೊತ್ತು, ದನಿ ಎತ್ತದೆ, ಅವರೊಂದಿಗೆ ಮಾತಾಡಿದರು. ಆತ ತಪ್ಪಿತಸ್ಥನಾದರೆ ಈ ಸಲ ಕೈಗೆ ಸಿಗುತ್ತಾನೆ, ನಿಮಗೂ ಅದೇ ತಾನೆ ಬೇಕಾದ್ದು ಎಂಬುದು ಅವರ ವಾದದ ಸಾರ. ಕೊನೆಗೆ ಮ್ಯಾನೇಜರ್ ಒಂದು ಗಡುವಿಟ್ಟು ಒಪ್ಪಿದರು. ಆ ತಿಂಗಳು ಮುಗಿಯುವುದರೊಳಗೆ ಏನೂ ಸಿಗದಿದ್ದರೆ ವಿಚಾರಣೆ ಮುಗಿದಂತೆ.

ಹಿರೇಮಠರು ತಮ್ಮ ಸಾಲಿಗೆ ಮರಳಿದರು, ನಾವು ಟ್ರೇಸಿಂಗ್ ಎಬ್ಬಿಸಿಟ್ಟ ಕರ್ನೆಲ್ ಹಾಕಿ ಬಂದೆವು. ಹೀಗೆ ಆ ಮಷೀನ್ ನಿಲ್ಲಲಿ ಎಂದು ನಾವು ಕಾಯತೊಡಗಿದೆವು. ನಿಲ್ಲದಿದ್ದರೆ ಹಿರೇಮಠರ ಕೆಲಸ ಹೋಗುತ್ತದೆ. ಮಷೀನ್ ಚೆನ್ನಾಗಿ ನಡೆದ ಒಂದೊಂದು ದಿನವೂ ಅವರ ವಿರುದ್ಧವೇ ಹೋಗುತ್ತಿತ್ತು. ಅವರು ಆಗಾಗ ಫೋನ್ ಮಾಡುತ್ತಿದ್ದರು.

"ಇವತ್ತೂ ನಿಂತಿಲ್ರಿ ಮೇಡಂ. ಇಷ್ಟ ದಿನ ಕಾಡಿದ್ದು, ಈಗ ಶ್ಯಾಣ್ಯಾ ಹುಡಗನಂಗ ನಡದೈತಿ."

ಇನ್ನೊಮ್ಮೆ ಹೇಳಿದರು: "ಗಣಪತಿ ಗುಡಿಗೆ ಹೋಗಿದ್ದೆರಿ. ಎಲ್ಲಾರೂ ವಿಘ್ನ ಕಳಿಯಪ್ಪಾ ಅಂತ ಸಾಲಿನ್ಯಾಗ ನಿಂತಿದ್ರು. ನಾ ಒಬ್ಬಾಂವ, ಒಂದ ವಿಘ್ನ ಕೊಡಪ್ಪಾ ಅಂತ ಬೇಡ್ಕೊಂಡ ಬಂದೇನಿ. ಪೂಜಾರಿ ಕೇಳಿದ್ರ ಹೊಡೀತಿದ್ದ."

ನನಗೆ ನಗು ಬಂತು. ಅವರೂ ನಕ್ಕರು.

ತಿಂಗಳು ಮುಗಿಯುತ್ತಾ ಬಂದಾಗ ಅವರ ಕರೆ ಬಂತು. ಹಿಂದೆ ಕಾರ್ಖಾನೆಯ ಗದ್ದಲವಿರಲಿಲ್ಲ. ಅದರಿಂದಲೇ ನನಗೆ ಅರ್ಥವಾಯಿತು.

"ನಿಂತದರಿ" ಎಂದರು. "ಯಾರೂ ಏನೂ ಮುಟ್ಟಿಲ್ಲ. ಬರ್ರಿ."

ಹೊರಡುವಾಗ ಮಂಜುನಾಥ್ ಬಾಗಿಲವರೆಗೆ ಬಂದರು. "ಸರ್, ಡೇಟಾ ಕಾಪಿ ಮಾಡ್ಕೊಂಡು ಇಲ್ಲಿಗೆ ತನ್ನಿ. ಅಲ್ಲಿ ಓಪನ್ ಮಾಡ್ಬೇಡಿ, ಪ್ಲೀಸ್. ನಾವು ಒಂದ್ಸಲ ನೋಡಿ, ಏನ್ ಹೇಳ್ಬೇಕು ಅಂತ ಡಿಸೈಡ್ ಮಾಡೋಣ." ಕೆಟ್ಟ ಉದ್ದೇಶದಿಂದ ಹೇಳಿದ ಮಾತಲ್ಲ. ಗಿರಾಕಿ ದೊಡ್ಡವನು, ಯಾವ ಕಂಪನಿಯಲ್ಲೂ ಹಾಗೇ ಹೇಳುತ್ತಾರೆ. ದೇಸಾಯಿ ಸರ್ ತಲೆಯಾಡಿಸಿದರು. ಒಪ್ಪಿದ್ದೋ ಕೇಳಿಸಿಕೊಂಡದ್ದೋ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಮುಂದೆ ಕುಳಿತೆ. ಹಿಂದೆ ಮ್ಯಾನೇಜರ್, ಅವರ ಹಿಂದೆ ಹಿರೇಮಠ. ಕಾಪಿ ಮಾಡಲು ಪೆನ್‌ಡ್ರೈವ್ ತೆಗೆದೆ. ದೇಸಾಯಿ ಸರ್ ನನ್ನ ಕೈ ನೋಡಿದರು.

"ಇಲ್ಲೇ ತಗೀರಿ" ಎಂದರು ಕನ್ನಡದಲ್ಲಿ. "ಅವರ ಪರದೆ ಮ್ಯಾಲೆ, ಅವರ ಮುಂದ."

ತೆರೆದೆ. ಮಷೀನ್ ನಡೆಸುವ ಪ್ರೋಗ್ರಾಂ ಸರಿಯಾದ ಹೊತ್ತಿಗೆ ಎದ್ದಿತ್ತು. ಆದರೆ ಅದಕ್ಕೆ ಸರದಿ ಸಿಕ್ಕಿರಲಿಲ್ಲ. ಬೇರೊಂದು ಕೆಲಸ ಕರ್ನೆಲನ್ನು ಹಿಡಿದು ಬಿಡದೆ ಕುಳಿತಿತ್ತು. ಅದರ ಹೆಸರು ಪ್ರತಿ ಸಾಲಿನಲ್ಲೂ ಇತ್ತು: ಲೇಬಲ್ ಪ್ರಿಂಟರ್‌ನ ಡ್ರೈವರ್. ನಾವು ಬರೆದದ್ದು. ಪರದೆಯನ್ನು ಮುಟ್ಟಿದ ಗುರುತು ಒಂದೂ ಇರಲಿಲ್ಲ.

ಉಳಿದದ್ದು ಹಿರೇಮಠರನ್ನು ಕೇಳಿ ತಿಳಿಯಿತು. ಎರಡು ಸಾಲಿಗೂ ಸೇರಿ ಇದ್ದದ್ದು ಒಂದೇ ಪ್ರಿಂಟರ್. ಸಣ್ಣ ಪೊಟ್ಟಣಗಳಿಗೆ ಬೇರೆ ಲೇಬಲ್ ಬೇಕು. ಅವು ಅವರ ಪಾಳಿಯಲ್ಲೇ ಆಗುತ್ತಿದ್ದವು. ಹಾಗಾಗಿ ದಿನವೂ ಪ್ರಿಂಟರನ್ನು ಗಾಡಿಯ ಮೇಲೆ ತಂದು ಸಿಕ್ಕಿಸುವುದು, ಕೆಲಸ ಮುಗಿದ ಮೇಲೆ ಕಿತ್ತು ಕೊಡುವುದು. ಕಿತ್ತಾಗ ನಮ್ಮ ಡ್ರೈವರ್ ಹಳೆಯ ಗುರುತನ್ನು ಅಳಿಸುತ್ತಿರಲಿಲ್ಲ. ಸಿಕ್ಕಿಸಿದಾಗ ಹೊಸದನ್ನು ಸೇರಿಸಿಕೊಳ್ಳುತ್ತಿತ್ತು. ಪ್ರಿಂಟರ್ ಇರುವಾಗ ಆಗಾಗ ಎಲ್ಲ ಗುರುತುಗಳನ್ನೂ ಒಂದೊಂದಾಗಿ ವಿಚಾರಿಸುತ್ತಿತ್ತು, ಇಲ್ಲದವನ್ನೂ. ವಾರಗಳು ಕಳೆದಂತೆ ಆ ವಿಚಾರಣೆ ಉದ್ದವಾಗುತ್ತಾ ಹೋಗಿ, ಒಮ್ಮೊಮ್ಮೆ ಮಷೀನ್‌ನ ಸರದಿಯನ್ನೇ ನುಂಗುತ್ತಿತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಎಲ್ಲ ಗುರುತುಗಳೂ ಹೋಗುತ್ತಿದ್ದವು; ಎರಡನೆಯ ಸಾಲಿನದನ್ನು ದಿನವೂ ರಾತ್ರಿ ಆರಿಸುತ್ತಿದ್ದರಿಂದ ಅಲ್ಲಿ ಈ ರೋಗ ಕೂಡಿಬರಲಿಲ್ಲ. ಹಿರೇಮಠರನ್ನು ಗೋದಾಮಿಗೆ ಹಾಕಿದಾಗ ಸಣ್ಣ ಪೊಟ್ಟಣದ ಕೆಲಸವನ್ನೇ ಎರಡನೆಯ ಸಾಲಿಗೆ ವರ್ಗಾಯಿಸಿದ್ದರು. ಪ್ರಿಂಟರ್ ಅಲ್ಲಿಂದ ಕದಲಲೇ ಇಲ್ಲ. ಅವರು ಮರಳಿದಾಗ ಆ ಕೆಲಸವೂ ಅವರೊಂದಿಗೆ ಮರಳಿತ್ತು.

ಮ್ಯಾನೇಜರ್ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ದೇಸಾಯಿ ಸರ್ ಕಡೆ ತಿರುಗಿ ಕೇಳಿದರು: "ಮಗ ಚೂಕ್ ಕುಣಾಚಿ?" ಹಾಗಾದರೆ ತಪ್ಪು ಯಾರದು?

ಏನು ಹೇಳಬೇಕೆಂದು ಆಫೀಸಿನಲ್ಲಿ ಕುಳಿತು ನಿರ್ಧರಿಸುವುದೆಂದು ಮಾತಾಗಿತ್ತು. ದೇಸಾಯಿ ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಆಮಚಿ" ಎಂದರು. ನಮ್ಮದು.

ಹಿರೇಮಠರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು, ತಮ್ಮ ಸಾಲಿನ ಕಡೆ ಹೋದರು. ಅಲ್ಲಿ ನಿಂತಿದ್ದ ಹೆಂಗಸರಿಗೆ ಕೈಸನ್ನೆ ಮಾಡಿದರು. ಮಷೀನ್ ಚಾಲೂ ಆಯಿತು.

ಮಂಜುನಾಥ್ ಒಂದು ವಾರ ನಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಚಿಕ್ಕಿಯ ಪೊಟ್ಟಣವೂ ಈ ಕಡೆ ಬರಲಿಲ್ಲ. ಗಿರಾಕಿ ನಮ್ಮನ್ನು ಬಿಡಲಿಲ್ಲ ಎಂದು ಖಚಿತವಾದ ಮೇಲೆ ಎರಡೂ ಸರಿಹೋದವು. ಡ್ರೈವರ್ ತಿದ್ದುವುದು ಬಹಳ ಸಣ್ಣ ಕೆಲಸವಾಗಿತ್ತು. ಮುಂದಿನ ಆವೃತ್ತಿಯ ಸಭೆಯಲ್ಲಿ ದೇಸಾಯಿ ಸರ್ ತಾವಾಗಿಯೇ ಟ್ರೇಸಿಂಗ್ ವಿಷಯ ಎತ್ತಿದರು. ಎಲ್ಲರಿಗೂ ಹೋಗುವ ಕರ್ನೆಲ್‌ನಲ್ಲಿ ಅದಿರಲಿ, ಮಲಗಿರಲಿ, ಎಬ್ಬಿಸುವ ಅಧಿಕಾರ ಮಾತ್ರ ಮಷೀನ್‌ನ ಮಾಲೀಕರು ನೇಮಿಸಿದ ಒಬ್ಬರಿಗಿರಲಿ ಎಂದರು. ಕಿಟಕಿ ಕಳ್ಳನಿಗೂ ಕಾಣಿಸುತ್ತದೆ ಎಂಬ ತಮ್ಮ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಕಿಟಕಿಗೆ ಚಿಲಕ ಹಾಕಿಸಿದರು. ಸಿದ್ಧ ವಾಕ್ಯದ ಎರಡನೆಯ ಭಾಗವನ್ನು ಹೊಡೆದುಹಾಕಿಸಿದರು. ಮೊದಲ ಭಾಗವೂ 'ದೋಷ ಕಂಡುಬಂದಿಲ್ಲ' ಎಂಬಲ್ಲಿಂದ 'ನಮಗೆ ಇನ್ನೂ ತಿಳಿದಿಲ್ಲ' ಎಂದಾಯಿತು. ಈ ಎರಡರ ನಡುವಿನ ದೂರ ಎಷ್ಟೆಂದು ಹೊಸದಾಗಿ ಸೇರುವವರಿಗೆ ಮೊದಲ ವಾರವೇ ತಿಳಿಯುವುದು ಒಳ್ಳೆಯದು.

ಹಿರೇಮಠರು ಕೊನೆಯ ಸಲ ಫೋನ್ ಮಾಡಿದ್ದು ಅದಾಗಿ ಕೆಲವು ತಿಂಗಳ ಮೇಲೆ. ಮಷೀನ್ ಹೇಗಿದೆ ಎಂದು ಕೇಳಿದೆ.

"ಒಮ್ಮಿನೂ ನಿಂತಿಲ್ರಿ. ನಮ್ಮ ಹೆಣಮಕ್ಕಳು ನಿಮಗ ಭಾಳ ಬೈತಾರ ನೋಡ್ರಿ. ಮೊದ್ಲ ದಿನಕ್ಕ ಒಂದೆರಡ ಸಲ ತಾನ ನಿಂದರತಿತ್ತು, ಬೆನ್ನು ನೆಟ್ಟಗ ಮಾಡಾಕ ಆಗ್ತಿತ್ತು. ಪುಣೆದಕಿ ಬಂದು ಅದನ್ನೂ ಕಳದ್ಲು ಅಂತಾರ."

"ಈಗ ಏನು ಮಾಡುತ್ತೀರಿ?"

"ಏನ್ ಮಾಡೋದ್ರಿ? ಚಹಾದ ಸುಟ್ಟಿ ಕೇಳಾಕ ಸಾಹೇಬರ ಕಡೆ ಮತ್ತ ಹೊಂಟೇನಿ. ಈ ಸಲ ಮಷೀನ್ ನನ್ನ ಕಡೆ ಐತಿ ಅಂತ ಅವರಿಗೆ ಅನ್ನಾಕ ಆಗಂಗಿಲ್ಲಲ್ಲ" ಎಂದು ನಕ್ಕು, ಫೋನ್ ಇಟ್ಟರು.